ಮಾವನ ಏರ್‌ಬ್ಯಾಗ್ ಮಡಿ

ನನ್ನ ಸೋದರಮಾವನಷ್ಟು ಮಡಿವಂತರು ಇಡೀ ಠಾಣೆ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ. ಸಂಧ್ಯಾವಂದನೆ ಬಿಟ್ಟು ಮೂವತ್ತು ವರ್ಷವಾಯಿತು. ಏಕಾದಶಿಯಂದೂ ವಡಾಪಾವ್ ತಿನ್ನುತ್ತಾರೆ. ಅವರ ಮಡಿಯೇನಿದ್ದರೂ ಕಾರಿನ ಏರ್‌ಬ್ಯಾಗಿಗೆ!

ರಬಾಳೆಯಲ್ಲಿ ಅವರದೊಂದು ಪುಟ್ಟ ಗ್ಯಾರೇಜು. ಏರ್‌ಬ್ಯಾಗ್ ಮುಟ್ಟುವ ಮೊದಲು ಬ್ಯಾಟರಿ ಕಳಚಿ, ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಾರೆ. ಒಳಗೆ ಉಳಿದ ಕರೆಂಟು ಪೂರ್ತಿ ಇಳಿಯಬೇಕಂತೆ, ಇಲ್ಲದಿದ್ದರೆ ಬ್ಯಾಗು ಮುಖಕ್ಕೇ ಸಿಡಿದೀತಂತೆ. ಒಮ್ಮೆ ಗಿರಾಕಿಯೊಬ್ಬ, "ಅಂಕಲ್, ಜಲ್ದಿ ಕರೋ ನಾ, ಮೀಟಿಂಗ್ ಹೈ" ಎಂದು ಅವಸರಿಸಿದ. ಮಾವ ಅವನಿಗೂ ಒಂದು ಕುರ್ಚಿ ಎಳೆದು ಹಾಕಿದರು.

"ಬೈಠೋ. ಮೀಟಿಂಗ್ ಮೇ ಮುಂಹ್ ಲೇಕೆ ಜಾನಾ ಹೈ ನಾ?" ಮೀಟಿಂಗಿಗೆ ಮುಖವನ್ನೂ ಒಯ್ಯಬೇಕಲ್ಲ ಎಂಬುದು ಅವರ ಲೆಕ್ಕ.

ರಿಪೇರಿ ಮುಗಿದು ಮತ್ತೆ ಕರೆಂಟು ಕೊಡುವಾಗ ಕಾರಿನೊಳಗೆ ನರಪಿಳ್ಳೆಯೂ ಇರಬಾರದು. ಹಿಂದಿನ ಸೀಟಿನಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆಯನ್ನೂ ಒಮ್ಮೆ ಬುಟ್ಟಿಸಮೇತ ಇಳಿಸಿದ್ದರು.

"ಇಷ್ಟು ವರ್ಷ ಸಂಸಾರ ಮಾಡಿದವಳನ್ನು ಹೀಗಾ ಹೊರಗೆ ಹಾಕುವುದು?"

"ಇನ್ನೂ ಮಾಡ್ಲಿಕ್ಕೆ ಉಂಟಲ್ಲ, ಅದಕ್ಕೇ!"

ಕಳೆದ ಶ್ರಾವಣದಲ್ಲಿ ನನ್ನ ಸೆಕೆಂಡ್‌ಹ್ಯಾಂಡ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕಟಕಟ ಸದ್ದು ಶುರುವಾಯಿತು. ಡೊಂಬಿವಲಿಯಿಂದ ಮಾವನಲ್ಲಿಗೆ ಒಯ್ದೆ. ಎಡಬದಿಯ ಮುಚ್ಚಳ ತೆಗೆದವರು ನನ್ನನ್ನು ಹತ್ತಿರ ಕರೆದು ತೋರಿಸಿದರು. ಏರ್‌ಬ್ಯಾಗ್ ಇರಬೇಕಾದಲ್ಲಿ ಮಡಚಿಟ್ಟ ಹಳೇ ಟವೆಲು! ಹಿಂದಿನ ಯಾವುದೋ ಅಪಘಾತದಲ್ಲಿ ಒಡೆದುಹೋದದ್ದಕ್ಕೆ ಬದಲಿ ಹಾಕದೆ, ಯಾರೋ ವೈರಿನ ತುದಿಗೆ ಬೇಳೆಯಷ್ಟು ಸಣ್ಣ ರೆಸಿಸ್ಟರೊಂದನ್ನು ಬೆಸೆದು ಎಚ್ಚರಿಕೆಯ ದೀಪವನ್ನೇ ಮೋಸಗೊಳಿಸಿದ್ದರು. ದಿನವೂ ಕೀಲಿ ತಿರುವಿದೊಡನೆ ಹತ್ತುವ ಅದು, ಎಲ್ಲ ಸರಿಯಿದೆಯೆಂದು ನಂಬಿ ಆರುತ್ತಿತ್ತು.

"ಈ ಸೀಟಲ್ಲಿ ಯಾರು ಕೂರುವುದು?"

"ಅಮ್ಮ. ವಾರವಾರ ಅಂಬರನಾಥದ ಗುಡಿಗೆ ಕರ್ಕೊಂಡು ಹೋಗ್ತೇನಲ್ಲ ಮಾವ."

ಅಮ್ಮನೆಂದರೆ ಅವರಿಗಿರುವ ಒಬ್ಬಳೇ ಅಕ್ಕ.

ಹೊಸ ಏರ್‌ಬ್ಯಾಗ್ ಬರಲು ನಾಲ್ಕು ದಿನ ಹಿಡಿಯಿತು. ಅಷ್ಟು ದಿನವೂ ಕಾರಿನ ಕೀಲಿ ಮಾವನ ಜೇಬಿನಲ್ಲೇ ಇತ್ತು. ಅದರ ವೈರಿನ ಹಳದಿ ಪ್ಲಗ್ಗನ್ನು 'ಟಕ್' ಎನ್ನುವವರೆಗೆ ಒತ್ತಿ, ಎರಡೆರಡು ಸಲ ಎಳೆದು ನೋಡಿ, ಕೊನೆಗೆ ಬ್ಯಾಟರಿ ಜೋಡಿಸಿದರು. ನನ್ನನ್ನು ರಸ್ತೆಯಾಚೆಗೆ ಅಟ್ಟಿ, ಕಿಟಕಿಯಿಂದ ಕೈಯಷ್ಟೇ ತೂರಿಸಿ, ಮುಖ ಆಚೆ ತಿರುಗಿಸಿ ಕೀಲಿ ತಿರುವಿದರು. ಎಚ್ಚರಿಕೆಯ ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಆರಿತು. ನಾನು ಚಪ್ಪಾಳೆ ತಟ್ಟಿದೆ. ಮಾವ ನಂಬಲಿಲ್ಲ, ಕಾರಿನ ದೋಷ ತೋರಿಸುವ ಸ್ಕ್ಯಾನರ್ ಹಚ್ಚಿ ಒಂದೊಂದೇ ಸಾಲು ಓದಿದರು.

"ದೀಪ ಈಗ ನಿಜ ಹೇಳ್ತಾ ಉಂಟು."

"ಹಾಗಾದ್ರೆ ನಾನು ಹೊರಡಲಾ ಮಾವ?"

ಅವರಿಗೆ ಕೇಳಿಸಲಿಲ್ಲ. ಗ್ರೀಸಿನ ಕೈಯಲ್ಲೇ ಫೋನ್ ಹಚ್ಚಿದ್ದರು.

"ಅಕ್ಕಾ, ಎಂತ ಮಾಡ್ತಾ ಇದ್ದಿ?"

"ಹೀರೇಕಾಯಿ ಸಿಪ್ಪೆ ಚಟ್ನಿ. ಎಂತ, ಕಾರು ಸರಿಯಾಯ್ತಾ?" ಅಮ್ಮನ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಆಯ್ತು."

"ಮತ್ತೆಂತಕ್ಕೆ ಫೋನು?"

"ಸುಮ್ನೆ."

ಆ ಕಡೆ ಮಿಕ್ಸಿ ಗರಗರನೆ ತಿರುಗತೊಡಗಿತು. ಇನ್ನು ಮಾತು ಕೇಳಿಸುವಂತಿರಲಿಲ್ಲ. ಮಾವ ಫೋನ್ ಇಡಲಿಲ್ಲ. ಚಟ್ನಿ ನುಣ್ಣಗಾಗುವವರೆಗೂ ಕಿವಿಗೊಟ್ಟು ನಿಂತಿದ್ದರು.