ಹೀಲ್ ಬಿಡದ ಬಾಯಮ್ಮ

ಜೆಪ್ಪುವಿನ ನಮ್ಮ ಓಣಿಯಲ್ಲಿ ಯಾರು ಬಂದರಂತ ನಾನು ತಲೆ ಎತ್ತಿ ನೋಡುವುದಿಲ್ಲ, ಚಪ್ಪಲಿ ಸದ್ದಿನಲ್ಲೇ ಗೊತ್ತಾಗ್ತದೆ. ಎಲ್ಲರಿಗೂ ಗಂಟು ನೋವು, ಒಬ್ಬೊಬ್ಬರದ್ದು ಒಂದೊಂದು ನಮೂನೆ ನಡಿಗೆ. ನಗಲಿಕ್ಕೆ ದಿನಾ ಏನಾದರೂ ಉಂಟು; ನಗುವವರ ಗಂಟೂ ಸರಿ ಇಲ್ಲ, ಅಷ್ಟೇ.

೧

ಎದುರು ಮನೆಯ ಬಾಯಮ್ಮನದ್ದು ಟಕ್, ಜರ್ರ್, ಟಕ್, ಜರ್ರ್. ಮೊಣಗಂಟು ಸವೆದು ಕಾಲು ಬಿಲ್ಲಿನ ಹಾಗೆ ಬಾಗಿ, ಎಡಕ್ಕೆ ವಾಲಿ ವಾಲಿ ನಡೆಯುವುದು. ಜೊತೆಗಿರುವ ತಮ್ಮನದ್ದೂ ಅದೇ ಗಂಟು, ಅದೇ ವಾಲಾಟ. ಕಂಕನಾಡಿಯ ಡಾಕ್ಟರು "ಹೀಲ್ ಬಿಡಿ, ಮೆತ್ತಗಿನ ಚಪ್ಪಲಿ ಹಾಕಿ" ಅಂದರಂತೆ.

"ಚಪ್ಪಟೆ ಚಪ್ಪಲಿಯಲ್ಲಿ ಚರ್ಚಿಗೆ ಹೋಗುವುದಾ? ನಾನು ಸತ್ತ ಮೇಲೆ!" ಅಂದರು ಬಾಯಮ್ಮ.

"ಸತ್ತ ಮೇಲೆ ಎಂತಕ್ಕೆ? ನಿಮ್ಮಲ್ಲಿ ಹೆಣಕ್ಕೂ ಒಳ್ಳೆಯ ಶೂ ಹಾಕ್ತಾರಲ್ಲ" ಅಂದೆ.

"ಹೌದಲ್ಲ! ಹಾಗಾದರೆ ಆಗಲೂ ಇಲ್ಲ."

೨

ದುಬೈಯಲ್ಲಿರುವ ಮಗಳು ಡಾಕ್ಟರ್ ಚಪ್ಪಲಿ ತಂದುಕೊಟ್ಟು ಹೋದಳು. ಬಾಯಮ್ಮ ಅದನ್ನು ನನಗೆ ದಾಟಿಸಿದರು. ಒಂದು ದಿನ ಮಗಳು ವಿಡಿಯೋ ಕಾಲ್ ಮಾಡಿ, "ಮಮ್ಮಿ, ಆ ಚಪ್ಪಲಿ ಹಾಕಿ ನಡೆದು ತೋರಿಸಿ" ಅಂದಳು. ಬಾಯಮ್ಮ ಕಿಟಕಿಯಿಂದ ಕೈಸನ್ನೆ ಮಾಡಿ ನನ್ನನ್ನು ಕರೆದು, ಫೋನನ್ನು ನನ್ನ ಕಾಲಿಗೆ ಹಿಡಿದರು. ನಾನು ಆ ಚಪ್ಪಲಿ ಹಾಕಿಕೊಂಡು ಚಾವಡಿಯಲ್ಲಿ ಆಚೆ ಈಚೆ ನಡೆದೆ.

"ಅಯ್ಯೋ, ಕಾಲು ಎಷ್ಟು ನೆಟ್ಟಗಾಗಿದೆ!" ಮಗಳಿಗೆ ಸಂತೋಷವೇ ಸಂತೋಷ. ಮತ್ತೆ ಕೇಳಿದಳು, "ಕಾಲುಂಗುರ ಯಾವಾಗ ಹಾಕಿದ್ದು ಮಮ್ಮಿ?"

೩

ಗಂಟು ಮತ್ತೂ ಕೆಟ್ಟಿತು. ಚರ್ಚಿನಲ್ಲಿ ಪರಮಪ್ರಸಾದಕ್ಕೆ ಎಲ್ಲರೂ ಸಾಲಾಗಿ ಮುಂದೆ ಹೋಗಬೇಕು. ಫಾದರ್ ಪಾಪ, "ನೀವು ಬೆಂಚಿನಲ್ಲೇ ಕೂತುಕೊಳ್ಳಿ, ನಾನೇ ತರ್ತೇನೆ" ಅಂದರು. ಬಾಯಮ್ಮನ ಮುಖ ಸಣ್ಣದಾಯಿತು. ಮನೆಗೆ ಬಂದು ಗೇಟಿನ ಹತ್ತಿರ ನನ್ನ ಕೈ ಹಿಡಿದು, "ಒಮ್ಮೆ ಕೂತರೆ ಮತ್ತೆ ಏಳ್ಲಿಕ್ಕಿಲ್ಲ ಮಾರಾಯ್ತಿ. ಫಾದರ್ ನಿಲ್ಲುವ ಆಲ್ತಾರಿನ ತನಕ ನನ್ನದೇ ನಡಿಗೆಯಲ್ಲಿ ಹೋಗಬೇಕು, ಅಷ್ಟೇ" ಅಂದರು.

ಮರು ಆದಿತ್ಯವಾರವೂ ಹೋದರು, ಹೀಲಿನಲ್ಲೇ. ಹಿಂದಿನವರು ಯಾರೂ ದಾಟುವ ಹಾಗಿಲ್ಲ. ಹಾಡುವವರು ಒಂದೇ ಹಾಡನ್ನು ತಿರುಗಿ ತಿರುಗಿ ಹಾಡಿ ಗಂಟಲು ಒಣಗಿಸಿಕೊಂಡರಂತೆ.

೪

ಹೋದ ತಿಂಗಳು ಬಾಯಮ್ಮ ತೀರಿಕೊಂಡರು. ಕಾಲು ಬಾತು ಹೀಲ್ ಹತ್ತುವುದಿಲ್ಲ. ಊರಿಗೆ ಓಡಿ ಬಂದ ಮಗಳು ಅಳುತ್ತಾ, "ಡಾಕ್ಟರ್ ಚಪ್ಪಲಿಯೇ ಹಾಕುವುದಾ ಆಂಟಿ?" ಅಂದಳು.

"ಬೇಡ. ಎದ್ದು ಬಂದು ಬೈತಾರೆ." ಹೀಲ್ ಶೂವಿನ ಹಿಂಬದಿ ಬ್ಲೇಡಿನಲ್ಲಿ ಸೀಳಿ ನಾನೇ ಕಾಲಿಗೆ ತುರುಕಿಸಿದೆ.

ಚರ್ಚಿನಲ್ಲಿ ಪೆಟ್ಟಿಗೆ ಹೊರಲಿಕ್ಕೆ ನಾಲ್ಕು ಜನ. ಮುಂದೆ ಎಡಗಡೆ ಬಾಯಮ್ಮನ ತಮ್ಮ, ಬೇಡ ಅಂದರೂ ಕೇಳಲಿಲ್ಲ. ಅವರು ವಾಲಿ ವಾಲಿ ಹೆಜ್ಜೆ ಇಟ್ಟದ್ದೇ, ಪೆಟ್ಟಿಗೆ ಎಡಕ್ಕೆ ವಾಲಿತು, ನೆಟ್ಟಗಾಯಿತು, ಮತ್ತೆ ವಾಲಿತು. ಒಳಗಿನಿಂದ ಹೀಲು ಹಲಗೆಗೆ ಬಡಿದು ಟಕ್, ಟಕ್.

ಮಗಳು ನನ್ನ ಕೈ ಗಟ್ಟಿ ಹಿಡಿದಳು. "ಆಂಟಿ, ಮಮ್ಮಿ ನಡೀತಾ ಇದ್ದಾರೆ."

"ಹೌದು ಮಗಾ. ಇವತ್ತೂ ಹಿಂದಿನವರಿಗೆ ದಾರಿ ಬಿಡ್ಲಿಕ್ಕಿಲ್ಲ."