ನಾಲ್ಕು ಮೂಲೆಗೆ ಅರಸಿನ

ಪ್ರತಿಯೊಬ್ಬನಿಗೂ ಬಾಗಿಲು ಹಾಕಿಕೊಂಡು ಮಾಡುವ ಕೆಲಸವೊಂದು ಇರುತ್ತದೆ. ಕೆಲವರು ಕನ್ನಡಿಯ ಮುಂದೆ ಭಾಷಣ ಮಾಡುತ್ತಾರೆ, ಕೆಲವರು ಬಿಳಿ ಕೂದಲು ಕೀಳುತ್ತಾರೆ. ನಾನು ಗ್ರೀಟಿಂಗ್ ಕಾರ್ಡು ಮಾಡುತ್ತೇನೆ. ಕಂಡರೆ ಮಕ್ಕಳು ದಾರಿ ಬಿಟ್ಟು ಗದ್ದೆಗೆ ಇಳಿಯುವಂಥ ಮಾಸ್ಟರನೊಬ್ಬ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಾಲಗೆಯ ತುದಿ ಹೊರಗಿಟ್ಟುಕೊಂಡು, ಕಾಗದದ ಗುಲಾಬಿ ಕತ್ತರಿಸುವುದನ್ನು ಯಾರಾದರೂ ನೋಡಿಬಿಟ್ಟರೆ ಮಾರನೆಯ ದಿನ ಶಾಲೆಯಲ್ಲಿ ಶಿಸ್ತು ಉಳಿದೀತೇ? ಅದಕ್ಕೇ ಬಾಗಿಲಿಗೆ ಚಿಲಕ.

ಪುರುಸೊತ್ತು ಹೆಚ್ಚಾದವನ ಚಟ ಇದು ಅಂತ ಮಾತ್ರ ತಿಳಿಯಬೇಡಿ. ಬೆಳ್ಳಾರೆಯ ನಮ್ಮ ಶಾಲೆಯಲ್ಲಿ ಆಗ ಇಂಗ್ಲಿಷು ನನ್ನದು, ಚರಿತ್ರೆ ನನ್ನದು, ಡ್ರಿಲ್ಲು ನನ್ನದು, ಗಂಟೆ ಹೊಡೆಯುವವನಿಗೆ ಜ್ವರ ಬಂದರೆ ಗಂಟೆಯೂ ನನ್ನದು. ಸಂಜೆ ಕೋಣೆಗೆ ಬಂದು ಅಂಗಿ ತೆಗೆದು ಮೊಳೆಗೆ ಸಿಕ್ಕಿಸುವಷ್ಟರಲ್ಲಿ ಮೆಟ್ಟಲಲ್ಲಿ ಕೆಮ್ಮು ಕೇಳಿಸುತ್ತದೆ. ಒಬ್ಬರಿಗೆ ಅರ್ಜಿ ಬರೆಯಬೇಕು. ಇನ್ನೊಬ್ಬರಿಗೆ ಮಿಲಿಟರಿಯಲ್ಲಿರುವ ಮಗನ ವಿಳಾಸ ಇಂಗ್ಲಿಷಿನಲ್ಲಿ ಬೇಕು. ಮತ್ತೊಬ್ಬರಿಗೆ ಶೀಸೆಯಲ್ಲಿರುವ ಔಷಧಿ ಕುಡಿಯಲಿಕ್ಕೋ ಹಚ್ಚಲಿಕ್ಕೋ ಎಂದು ತಿಳಿಯಬೇಕು. ಅವರು ಅದಾಗಲೇ ಅರ್ಧ ಕುಡಿದು ಆಗಿರುತ್ತದೆ. ಬೇಡ ಅನ್ನುವುದು ಹೇಗೆ? ಆಗ ಪೇಟೆಯಲ್ಲಿ ಬಿ.ಎ. ಆದವನು ನಾನೊಬ್ಬನೇ.

ಈ ಬಿ.ಎ. ಸುಮ್ಮನೆ ಬಂದದ್ದಲ್ಲ, ಹೇಳಿಬಿಡುತ್ತೇನೆ. ಮಂಡೆಕೋಲಿನ ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೆಬ್ಬೆಟ್ಟಿನಿಂದ ಮುಂದೆ ಹೋದವರಿಲ್ಲ. ಅಪ್ಪ ಇನ್ನೊಬ್ಬರ ಎತ್ತಿನ ಗಾಡಿ ಹೊಡೆದವರು. ಮಂಗಳೂರಿನಲ್ಲಿ ನನಗೆ ಹಗಲು ಕಾಲೇಜಿನ ಬೆಂಚು, ಸಂಜೆ ಹೋಟೆಲಿನ ಬೆಂಚು. ಮೊದಲನೆಯದರ ಮೇಲೆ ಕೂರುವುದು, ಎರಡನೆಯದನ್ನು ಒರೆಸುವುದು. ಹಾಗೆ ಓದಿದವನು. ಆದ್ದರಿಂದ ಡಿಗ್ರಿ ಕೈಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ಕೊಡೆಯ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆಸಿ ಅದರ ಮುಂದೆ 'ಬಿ.ಎ.' ಹಾಕಿಸಿದ್ದು. ಕೊಡೆ ಬದಲಾಗದಿರಲಿ ಎಂದು ಎಲ್ಲರೂ ಹೆಸರು ಬರೆಸುತ್ತಾರೆ. ನಾನು ಮಾತ್ರ ಮಳೆ ನಿಂತ ಮೇಲೂ ಕೊಡೆ ಮಡಚುತ್ತಿರಲಿಲ್ಲ.

ಆ ಎರಡಕ್ಷರ ನನ್ನನ್ನು ಎಷ್ಟು ಮೇಲಕ್ಕೆ ಎತ್ತಿತೆಂದರೆ ಕೆಳಗೆ ಮಾತಾಡಿದ್ದು ನನಗೆ ಕೇಳಿಸದ ಹಾಗಾಯಿತು. ಭಟ್ರ ಹೋಟೆಲಿನಲ್ಲಿ ದೂರದಿಂದಲೇ ನಗು ಕೇಳುತ್ತಿತ್ತು, ಯಾರೋ ಯಾರನ್ನೋ ಕಿಚಾಯಿಸುತ್ತಿರುವುದು ಕೇಳುತ್ತಿತ್ತು. ನಾನು ಒಳಗೆ ಕಾಲಿಟ್ಟೊಡನೆ ನಿಶ್ಶಬ್ದ. ಒಬ್ಬ ಬೀಡಿ ಆರಿಸುತ್ತಾನೆ, ಒಬ್ಬ ಎದ್ದು ಜಾಗ ಬಿಡುತ್ತಾನೆ, ಭಟ್ರು ಹೆಗಲ ಮೇಲಿನ ಬೈರಾಸಿನಿಂದಲೇ ಬೆಂಚು ಒರೆಸಿ, "ಮಾಸ್ಟ್ರಿಗೆ ಎಂತ ಕೊಡುದು?" ಎಂದು ಸಣ್ಣ ದನಿಯಲ್ಲಿ ಕೇಳುತ್ತಾರೆ. ನಾನು ಕಾಫಿ ಕುಡಿದು ಹೊರಗೆ ಬಂದು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ನಗು ಮತ್ತೆ ಶುರು. ನನ್ನ ಬಗ್ಗೆಯಾದರೂ ನಗುತ್ತಿದ್ದರೋ ಏನೋ ಎಂದು ಒಂದೆರಡು ಸಲ ಆಸೆಯಿಂದ ನಿಂತು ಕೇಳಿದ್ದೂ ಉಂಟು. ಇಲ್ಲ, ಯಾರದ್ದೋ ಎಮ್ಮೆಯ ವಿಷಯ. ಮದುವೆಯ ಮಾತೂ ಹಾಗೆಯೇ. ನಮ್ಮ ಸುತ್ತಿನವರು "ಬಿ.ಎ. ಹುಡುಗ ನಮ್ಮಂಥವರಿಗೆ ಸಿಕ್ಕುದುಂಟಾ" ಎಂದು ಹಿಂದೆ ಸರಿದರು. ಕಲಿತವರ ಮನೆಯವರು "ಹುಡುಗನ ಅಪ್ಪ ಎಂತ ಮಾಡುದು?" ಎಂದು ಕೇಳಿ ಹಿಂದೆ ಸರಿದರು. ನಡುವೆ ನಾನು, ನನ್ನ ಕೊಡೆ.

ಕಾರ್ಡಿನ ಹುಚ್ಚು ಹಿಡಿದದ್ದು ಕಾಲೇಜಿನಲ್ಲಿ. ವರಾಂಡದ ಹಲಗೆಯಲ್ಲಿ ಹುಡುಗರಿಗೆ ಟಪಾಲಿನಲ್ಲಿ ಬಂದ ಕಾಗದಗಳನ್ನು ಸಿಕ್ಕಿಸಿಡುತ್ತಿದ್ದರು. ಡಿಸೆಂಬರು ಮುಗಿಯುವಾಗ ಆ ಹಲಗೆ ಹೂ ಬಿಟ್ಟ ಹಾಗೆ ಕಾಣುತ್ತಿತ್ತು. ಬಣ್ಣದ ಕಾರ್ಡುಗಳು, ಗಂಟೆಗಳು, ಹಕ್ಕಿಗಳು. ನಾನು ದಿನಾ ಹೋಗಿ ನೋಡುತ್ತಿದ್ದೆ, ನನ್ನ ಹೆಸರಿಗೇನಾದರೂ ಉಂಟೋ ಎಂಬಂತೆ. ಕಳಿಸುವವರು ಯಾರು? ಅವ್ವನೇ? ಗಾಡಿಯ ಎತ್ತುಗಳೇ? ಆದರೂ ಒಂದು ಕಾರ್ಡು ನನ್ನ ಹೆಸರಿಗೆ ಬರಬೇಕು, ಯಾರೋ ಒಬ್ಬರು ಕೂತು ನನ್ನನ್ನು ನೆನೆದು ಅದನ್ನು ಕಳಿಸಿರಬೇಕು ಎನ್ನುವ ಆಸೆ ಒಳಗೆ ಕೂತುಬಿಟ್ಟಿತು. ನಾವು ಕಳಿಸಿದರೆ ಅವರೂ ಕಳಿಸುತ್ತಾರೆ ಎನ್ನುವುದು ನನ್ನ ಲೆಕ್ಕ. ಅಂಗಡಿಯ ಕಾರ್ಡು ಕೊಳ್ಳುವುದಕ್ಕೆ ಬೆಳ್ಳಾರೆಯಲ್ಲಿ ಅಂಥ ಅಂಗಡಿ ಇರಲಿಲ್ಲ. ಆದ್ದರಿಂದ ಕತ್ತರಿ, ಡ್ರಾಯಿಂಗು ಕಾಗದ, ಮೈದಾ ಕಾಯಿಸಿದ ಅಂಟು.

ಮೊದಲ ವರ್ಷ ಕಾಲೇಜಿನ ಗೆಳೆಯರಿಗೆ ಕಳಿಸಿದೆ. ಬಣ್ಣ ಎಲ್ಲಿಂದ ತರುವುದು? ದೀಪದ ಮಸಿಗೆ ಗೇರುಮರದ ಅಂಟು ಕಲಸಿ, ಕಾರ್ಡಿನ ಸುತ್ತ ದಪ್ಪಗೆ ಕಪ್ಪು ಅಂಚು ಎಳೆದೆ. ಬಹಳ ಗಂಭೀರವಾಗಿ, ಪದವೀಧರನಿಗೆ ತಕ್ಕಂತೆ ಕಂಡಿತು. ಅಂಚಿಗೆ ಮಸಿ ಹಚ್ಚಿದ ಕಾಗದ ಬಂದರೆ ಅದು ಸಾವಿನ ಸುದ್ದಿ, ಅದನ್ನು ಮನೆಯೊಳಗೆ ತರಬಾರದು ಎನ್ನುವುದು ಚಿಕ್ಕಂದಿನಿಂದ ನನಗೆ ಗೊತ್ತಿದ್ದದ್ದೇ. ಬಿ.ಎ.ಯಲ್ಲಿ ಎಲ್ಲೋ ಉದುರಿಹೋಗಿತ್ತು. ಧಾರವಾಡದ ಗೆಳೆಯನಿಂದ ಮಾತ್ರ ಉತ್ತರ ಬಂತು: "ನಿನ್ನ ಶುಭಾಶಯ ಮುಟ್ಟಿತು. ಅಮ್ಮ ಹಿತ್ತಲಲ್ಲಿ ನಿಂತು ಅತ್ತು, ತಲೆಗೆ ನೀರು ಹಾಕಿಕೊಂಡ ಮೇಲೆ ಒಡೆದು ಓದಿದೆವು. ಇನ್ನು ಮುಂದೆ ಕಳಿಸಬೇಡ." ನನ್ನ ಹೆಸರಿಗೆ ಬಂದ ಏಕೈಕ ಹೊಸ ವರ್ಷದ ಕಾಗದ ಅದು.

ಮರುವರ್ಷ ಬುದ್ಧಿ ಬಂತು. ದೂರದವರು ಬೇಡ, ಊರವರಿಗೇ ಕೊಡೋಣ. ಕಪ್ಪು ಬೇಡ, ಮಂಗಳಕರವಾದ ಬಣ್ಣವಿರಲಿ ಎಂದುಕೊಂಡೆ. ಹಳದಿಗೆ ಅರಸಿನ. ಅರಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು. ನೇರಳೆಗೆ ಬಸಳೆಯ ಹಣ್ಣು. ನಡುವೆ ಕೆಂಪು ಹೂ, ನಾಲ್ಕು ಮೂಲೆಗೆ ಅರಸಿನ. ಒಳಗೆ ಸುತ್ತಿ ಸುತ್ತಿ ಬಳ್ಳಿಯಂತೆ ಬರೆದ ಇಂಗ್ಲಿಷಿನಲ್ಲಿ ಹ್ಯಾಪಿ ನ್ಯೂ ಇಯರ್, ಕೆಳಗೆ ಅಂಕಿಯಲ್ಲಿ ಜನವರಿ ಒಂದರ ತಾರೀಕು, ನನ್ನ ಹೆಸರು, ಬಿ.ಎ. ಕನ್ನಡದಲ್ಲಿ ಬರೆದರೆ ಅದು ಗ್ರೀಟಿಂಗ್ ಹೇಗಾಗುತ್ತದೆ? ಶಾಲೆಯ ಮಕ್ಕಳಿಗೆ ಅಚ್ಚಿನ ಅಕ್ಷರವೇ ಕಷ್ಟ, ಇಂಗ್ಲಿಷು ಓದಬಲ್ಲ ಹೆಡ್ ಮಾಸ್ಟ್ರು ರಜೆಯಲ್ಲಿ ಊರಿಗೆ ಹೋಗಿದ್ದರು.

ಕೊಡೆ ಹಿಡಿದು ಮನೆಮನೆಗೆ ನಾನೇ ಹೋದೆ. ಕೆಳಗಿನ ಅಂಗಡಿಯ ಮೋನು ಬ್ಯಾರಿ, ನಾವೆಲ್ಲ ಮೋನಾಕ ಅನ್ನುವವರು, ನನಗೆ ಕೋಣೆ ಬಾಡಿಗೆಗೆ ಕೊಟ್ಟವರು, ಅವರಿಗೆ ಮೊದಲನೆಯದು. ಕಾರ್ಡು ತಿರುಗಿಸಿ ನೋಡಿ ಎದ್ದು ನಿಂತೇಬಿಟ್ಟರು. "ಆಗ್ಲಿ ಮಾಸ್ಟ್ರೇ, ಆಗ್ಲಿ! ನಾವು ಇದ್ದೇವೆ, ನೀವು ಎಂತದೂ ಮಂಡೆಬಿಸಿ ಮಾಡ್ಬೇಡಿ." ಭಟ್ರು ಅರಸಿನ ಮುಟ್ಟಿ ನೋಡಿ, "ಧನು ತಿಂಗಳಲ್ಲಿ?" ಎಂದು ಬಾಯಿ ತೆರೆದರು. "ಜನವರಿ ಅಲ್ವಾ ಭಟ್ರೇ, ಪ್ರಪಂಚ ಎಲ್ಲ ಹಾಗೇ" ಎಂದೆ. "ಅದೂ ಹೌದು, ಕಲಿತವರಿಗೆ ತಿಂಗಳು ಎಂತದು" ಎಂದು ಬಾಯಿ ಮುಚ್ಚಿಕೊಂಡರು. ಹಾಲು ಕೊಡುವ ಪೂವಕ್ಕ ಜಗಲಿಯಲ್ಲಿ ಚಾಪೆ ಹಾಸಿ, ಬೆಲ್ಲ, ನೀರು ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮನ್ನು ನೋಡುವಾಗೆಲ್ಲ ಹೊಟ್ಟೆಗೆ ಬೆಂಕಿ ಬಿದ್ದ ಹಾಗೆ ಆಗ್ತಿತ್ತು ಮಾಸ್ಟ್ರೇ, ಒಬ್ರೇ ಕೂತು ಹಾಲು ಕಾಯಿಸುದು." ಹೊಸ ವರ್ಷಕ್ಕೆ ಹೆಂಗಸರು ಇಷ್ಟು ಕರಗುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಮುಂದಿನ ನಾಲ್ಕು ದಿನ ನಾನು ನೆಲದ ಮೇಲೆ ಇರಲಿಲ್ಲ. ದಾರಿಯಲ್ಲಿ ಕಂಡವರೆಲ್ಲ ನಗುತ್ತಾರೆ. ನಾನು 'ಸೇಮ್ ಟು ಯೂ' ಅನ್ನುತ್ತೇನೆ. ಅವರು ಇನ್ನಷ್ಟು ನಗುತ್ತಾರೆ. ಮೋನಾಕ ಮೆಟ್ಟಲಿಗೆ ಸುಣ್ಣ ಹೊಡೆಸಿದರು, ಮಾವಿನೆಲೆ ಕಟ್ಟಿಸಿದರು. ಒಬ್ಬನೇ ಒಬ್ಬ ಪದವೀಧರ ಬಂದದ್ದಕ್ಕೆ ಬೆಳ್ಳಾರೆ ಎಂಥ ನಾಗರಿಕ ಊರಾಯಿತು ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ಜನವರಿ ಒಂದರ ಬೆಳಿಗ್ಗೆ ಬೈರಾಸು ಉಟ್ಟುಕೊಂಡು ಗಂಜಿಗೆ ಉಪ್ಪು ಹಾಕುತ್ತಿದ್ದೆ. ಕೆಳಗೆ ಗೌಜಿ, ಗದ್ದಲ. ಕಿಟಕಿಯಿಂದ ಇಣುಕಿದರೆ ಅಂಗಡಿಯ ಮುಂದೆ ಹಲಗೆಗಳ ಮೇಲೆ ಊರಿಗೆ ಊರೇ ಕೂತಿದೆ. ಇಸ್ತ್ರಿ ಹಾಕಿದ ಅಂಗಿಗಳು, ಮುಡಿದ ಮಲ್ಲಿಗೆ, ಬಾಳೆಗೊನೆ, ತೆಂಗಿನಕಾಯಿ, ಸೌತೆಕಾಯಿ. ಯಾರೋ ಪೆರಾಬೆಯಿಂದ ವಾಲಗದವನನ್ನೂ ಕರೆಸಿದ್ದರು. ಅವನು ಪೀಪಿಗೆ ಉಗುಳು ಹಚ್ಚುತ್ತಿದ್ದ. ನಾನು ಅಂಗಿ ಸಿಕ್ಕಿಸಿಕೊಂಡು ಇಳಿದೆ. ಪೂವಕ್ಕ ಹೊಳೆಯುವ ಹಿತ್ತಾಳೆ ಚೆಂಬೊಂದನ್ನು ಎದೆಗವಚಿಕೊಂಡು ನನ್ನ ಬೆನ್ನ ಹಿಂದೆ ನೋಡಿದಳು.

"ಮದುಮಗಳು ಮೇಲೆ ಇದ್ದಾಳಾ?"

ಇಲ್ಲಿಂದ ಮುಂದಿನ ಒಂದು ಗಳಿಗೆಯನ್ನು ನಾನು ನೆನೆಯುವುದಿಲ್ಲ. ನಾನು ವಿವರಿಸಿದೆ. ಇಂಗ್ಲಿಷರ ವರ್ಷ, ಶುಭಾಶಯ, ಬಣ್ಣಕ್ಕೆ ಬೇರೇನೂ ಸಿಗದ್ದರಿಂದ ಅರಸಿನ... ಎಂಟನೇ ಕ್ಲಾಸಿಗೆ ಪಾಠ ಮಾಡಿದಂತೆ ಅನುಕ್ರಮವಾಗಿ ವಿವರಿಸಿದೆ. ವಾಲಗದವನು ಪೀಪಿಯನ್ನು ಚೀಲಕ್ಕೆ ಹಾಕಿದ.

"ಒಂದು ಮಾತು ಕೇಳಬಾರದಾಗಿತ್ತಾ ನನ್ನ ಹತ್ರ?" ಎಂದೆ, ಅಳು ಬರುವ ದನಿಯಲ್ಲಿ.

"ನಿಮ್ಮ ಹತ್ರ ಕೇಳುದು ಹೇಗೆ ಮಾರಾಯ್ರೆ?" ಭಟ್ರು ಅಂದರು. "ಮೂಲೆಗೆ ಅರಸಿನ ಹಚ್ಚಿದ ಕಾಗದ ಹಿಡ್ಕೊಂಡು ಮನೆಮನೆಗೆ ಬಂದ್ರಿ. ಅದಕ್ಕೆ ನಮ್ಮಲ್ಲಿ ಮದುವೆಗೆ ಕರೆಯುವ ಹೇಳಿಕೆ ಅಂತ ಹೇಳುದು. ಒಳಗೆ ಇಂಗ್ಲಿಷು, ನಮಗೆ ಬರುದಿಲ್ಲ. ಧನು ತಿಂಗಳಲ್ಲಿ ಮುಹೂರ್ತ ಇಲ್ಲ; ಹುಡುಗಿ ಬೇರೆ ಜಾತಿ ಇರ್ಬೇಕು, ರಿಜಿಸ್ಟ್ರಿ ಮದುವೆ ಇರ್ಬೇಕು, ಪಾಪ, ಕೆದಕುದು ಬೇಡ ಅಂತ ನಾವೇ ಮಾತಾಡಿಕೊಂಡದ್ದು. ನೀವು ಬಿ.ಎ. ಅಲ್ವಾ?"

ಆಗ ಮೋನಾಕ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಆಮೇಲೆ ಅಕ್ಕಿ ಮೂಟೆಗೆ ಒರಗಿಕೊಂಡು. "ಓ ಮಾಸ್ಟ್ರೇ, ನಾಲ್ಕು ದಿನದಿಂದ ಜನ ಆ ಹುಡುಗಿಗೆ ಹೆಸರು ಸಹ ಇಟ್ಟಾಗಿದೆ ಮಾರಾಯ್ರೆ!" ಅಷ್ಟೇ. ಊರಿಗೆ ಊರೇ ನಕ್ಕಿತು. ನನ್ನ ಮುಖದ ಮುಂದೆ, ಬೀಡಿ ಆರಿಸದೆ, ನನ್ನ ಬೆನ್ನಿಗೆ ಹೊಡೆದು ನಕ್ಕಿತು. ಏನು ಹೇಳಲಿ, ನನಗೂ ನಗು ಬಂತು. ಡಿಗ್ರಿ ಸಿಕ್ಕಿದ ದಿನವೂ ಹಾಗೆ ನಕ್ಕಿರಲಿಲ್ಲ.

ಬಂದವರನ್ನು ಉಣ್ಣಿಸದೆ ಕಳಿಸುವುದು ಹೇಗೆ? ಮೋನಾಕ ಅಕ್ಕಿ ಮೂಟೆ ಬಿಚ್ಚಿದರು. ಅಡಿಗೆಗೆ ಭಟ್ರೇ ನಿಂತದ್ದರಿಂದ ಉಣ್ಣಲಿಕ್ಕೆ ಯಾರಿಗೂ ತಕರಾರಿರಲಿಲ್ಲ. ತಂದ ಸೌತೆಕಾಯಿಯೇ ಸಾಂಬಾರು, ತಂದ ಬಾಳೆಹಣ್ಣೇ ಸಿಹಿ. ನನ್ನನ್ನು ಮದುಮಗನ ಜಾಗದಲ್ಲೇ ಕೂರಿಸಿದರು. ಪಕ್ಕದಲ್ಲಿ ಪೂವಕ್ಕ ಇನ್ನೊಂದು ಎಲೆ ಹಾಕಿ, ಅದಕ್ಕೆ ಒಂದು ಚಿಟಿಕೆ ಉಪ್ಪು ಬಡಿಸಿದಳು. "ಯಾರಿಗೆ ಪೂವಕ್ಕ?" ಎಂದೆ. "ಇರ್ಲಿ, ಅವಳು ಎಲ್ಲಿದ್ದಾಳೋ" ಅಂದಳು. ಊಟ ಮುಗಿಯುವ ತನಕ ನನ್ನ ಎಡಗಡೆಯಲ್ಲಿ ಆ ಎಲೆ ಉಪ್ಪು ಹಾಕಿಸಿಕೊಂಡು ಸುಮ್ಮನೆ ಇತ್ತು. ಸಂಜೆ ಎಲ್ಲರೂ ಹೊರಟಾಗ ಉಡುಗೊರೆಯ ಚೆಂಬನ್ನು ಹಿಂದಕ್ಕೆ ಕೊಡಹೋದೆ. "ಕೊಟ್ಟದ್ದನ್ನು ಹಿಂದೆ ಕೊಂಡುಹೋಗ್ಲಿಕ್ಕೆ ಉಂಟಾ?" ಎಂದು ಪೂವಕ್ಕ ಗದರಿಸಿದಳು. "ಆಗುವಾಗ ಬೇಕಾಗ್ತದೆ."

ಅಲ್ಲಿಂದ ಮೇಲೆ ಭಟ್ರ ಹೋಟೆಲಿನಲ್ಲಿ ನಾನು ಕಾಲಿಟ್ಟರೆ ಮಾತು ನಿಲ್ಲುತ್ತಿರಲಿಲ್ಲ, ಹೆಚ್ಚುತ್ತಿತ್ತು. "ಮಾಸ್ಟ್ರೇ, ಉಡುಗೊರೆ ಕೊಟ್ಟಾಗಿದೆ, ಮದುವೆ ಯಾವಾಗ?" ಎಂದು ಬಸ್ಸಿನ ಕಂಡಕ್ಟರನೂ ಕೇಳುತ್ತಿದ್ದ. ಆ ವರ್ಷ ನಾನು ಕೊಡೆಯ ಬಟ್ಟೆ ಬದಲಾಯಿಸಿದೆ. ಹೊಸ ಬಟ್ಟೆಗೆ ಬರೀ ಹೆಸರು ಬರೆಸಿದೆ.

ಮುಂದಿನ ಡಿಸೆಂಬರಿನಲ್ಲಿ ಕಾರ್ಡನ್ನು ತಪ್ಪಿಲ್ಲದಂತೆ ಮಾಡಿದೆ. ಅಚ್ಚ ಕನ್ನಡ, ದುಂಡಕ್ಷರ, ಅರಸಿನದ ಹತ್ತಿರವೂ ಸುಳಿಯದೆ ಬಟ್ಟೆಗೆ ಹಾಕುವ ನೀಲಿ. ಎಲ್ಲರೂ ಓದಿದರು, "ಚಂದ ಉಂಟು ಮಾಸ್ಟ್ರೇ" ಎಂದರು. ಜನವರಿ ಒಂದರಂದು ನಾನು ಯಾವುದಕ್ಕೂ ಇರಲಿ ಎಂದು ಸ್ವಲ್ಪ ಹೆಚ್ಚೇ ಅಕ್ಕಿ ಹಾಕಿ, ಬಾಗಿಲು ತೆರೆದಿಟ್ಟು ಕೂತಿದ್ದೆ. ಯಾರೂ ಬರಲಿಲ್ಲ. ಯಾಕೆ ಬರಬೇಕು? ಕಾಗದದಲ್ಲಿ ಎಲ್ಲ ಸ್ಪಷ್ಟವಾಗಿ ಬರೆದಿತ್ತಲ್ಲ.

ಈಗ ಭಟ್ರು ಹೋಟೆಲು ಮುಚ್ಚಿ ಪುತ್ತೂರಿಗೆ ಹೋಗಿದ್ದಾರೆ. ಪೂವಕ್ಕ ಹೋಗಿಯೇ ಹೋದಳು. ಔಷಧಿ ಶೀಸೆಯ ಚೀಟಿಯಲ್ಲಿ ಬರೆದದ್ದನ್ನು ಓದುವ ಹುಡುಗರು ಈಗ ಪ್ರತಿ ಮನೆಯಲ್ಲೂ ಇದ್ದಾರೆ, ನಾನೇ ಕಲಿಸಿದವರು. ಹಾಗಾಗಿ ಮೆಟ್ಟಲಲ್ಲಿ ಕೆಮ್ಮೂ ಕಡಿಮೆ. ಮದುವೆಯ ವಿಷಯ ಮೋನಾಕನೂ ಎತ್ತುವುದಿಲ್ಲ. ಅವರು ಅದನ್ನು ಬಿಟ್ಟ ದಿನ ನನಗೆ ವಯಸ್ಸಾಯಿತೆಂದು ತಿಳಿಯಿತು. ಹಿತ್ತಾಳೆ ಚೆಂಬು ಮಾತ್ರ ಉಂಟು. ಆಗುವಾಗ ಬೇಕಾಗ್ತದೆ ಅಂದಿದ್ದಳಲ್ಲ. ಎಷ್ಟೋ ಸಮಯ ಕಾದು ಕೊನೆಗೆ ನಾನು ಅದನ್ನು ಒಲೆಗೆ ಇಟ್ಟೆ. ಮೈದಾ ಅಂಟು ಅದರಲ್ಲಿ ಕುದಿಯುವಷ್ಟು ಚೆನ್ನಾಗಿ ಬೇರೆ ಯಾವ ಪಾತ್ರೆಯಲ್ಲೂ ಕುದಿಯುವುದಿಲ್ಲ.

ಇದನ್ನು ಬರೆಯುವಾಗಲೂ ಚೆಂಬು ಒಲೆಯ ಮೇಲಿದೆ, ಬಾಗಿಲಿಗೆ ಚಿಲಕ ಹಾಕಿದೆ, ಡಿಸೆಂಬರು ಮುಗಿಯುತ್ತ ಬಂದಿದೆ. ಕಾರ್ಡುಗಳು ಮುಂದೆ ಹರಡಿವೆ. ಅರಸಿನದ ಡಬ್ಬಿಯನ್ನು ಒಂದೆರಡು ಸಲ ತೆಗೆದು ಮತ್ತೆ ಮುಚ್ಚಿದ್ದೇನೆ. ಅಕಸ್ಮಾತ್ ನಾಲ್ಕು ಮೂಲೆಗೆ ಹಳದಿ ಹಚ್ಚಿದ ಕಾರ್ಡೊಂದು ನಿಮ್ಮ ಮನೆಗೆ ಬಂದರೆ, ದಯವಿಟ್ಟು ಒಳಗೆ ಬರೆದದ್ದನ್ನು ಓದಲಿಕ್ಕೆ ಹೋಗಬೇಡಿ. ಒಳ್ಳೆಯ ಅಂಗಿ ಹಾಕಿಕೊಂಡು ಸೀದಾ ಹೊರಟು ಬನ್ನಿ. ಅಕ್ಕಿ ತಂದಿಟ್ಟಿದ್ದೇನೆ.