ನಮ್ಮ ಮಾವನ ಸಾಕ್ಷಿಗಳು

ಧೈರ್ಯವಿದ್ದರೆ ನಮ್ಮ ಸೋದರಮಾವನ ಮುಂದೆ ನಿಂತು "ನಿನ್ನೆ ಮಳೆ ಬಂತು" ಅಂತ ಒಂದು ಮಾತು ಹೇಳಿ ನೋಡೋಣ!

"ನೀವು ಕಣ್ಣಾರೆ ನೋಡಿದ್ರಾ?"

"ನೋಡ್ದೆ."

"ಎಲ್ಲಿ ನಿಂತಿದ್ರಿ?"

"ಮನೇಲಿ, ಕಿಟಕಿ ಹತ್ರ."

"ಕಿಟಕಿ ತೆಗೆದಿತ್ತೋ, ಮುಚ್ಚಿತ್ತೋ?"

"ಮುಚ್ಚಿತ್ತು..."

"ಹಾಗಾದ್ರೆ ನೀವು ಮಳೆ ನೋಡ್ಲಿಲ್ಲ, ಗಾಜಿನ ಮೇಲೆ ನೀರು ನೋಡಿದ್ರಿ. ಮೇಲಿನ ಮನೆಯವ್ರು ಗಿಡಕ್ಕೆ ನೀರು ಹಾಕಿರಬಹುದಲ್ಲ?"

ಅಲ್ಲಿಗೆ ಮುಗಿಯಿತು. ಇಡೀ ಹಲಸೂರು ತೊಯ್ದು ತೊಪ್ಪೆಯಾಗಿದ್ದರೂ ನಮ್ಮ ಮಾವನ ಪ್ರಕಾರ ಮಳೆ ಬಂದದ್ದು ಸಾಬೀತಾಗಲಿಲ್ಲ. ಇಂಥ ಮನುಷ್ಯನ ಕೈಗೆ ನನ್ನ ಮದುವೆಯ ವಿಷಯ ಸಿಕ್ಕಿಹಾಕಿಕೊಂಡಿತು ಅಂದರೆ ನನ್ನ ಗತಿ ಏನಾಗಿರಬೇಕು, ನೀವೇ ಯೋಚಿಸಿ! ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮಾವನ ಪರಿಚಯ ಆಗಲಿ.

ಮಾವ ದಂಡು ಪ್ರದೇಶದ ಒಂದು ಕೋರ್ಟಿನಲ್ಲಿ ಸರ್ಕಾರಿ ವಕೀಲರ ಕಚೇರಿಯ ಹಿರಿಯ ಗುಮಾಸ್ತರು. ಕಳ್ಳತನ, ಹೊಡೆದಾಟ, ಸರ ಕಿತ್ತುಕೊಂಡು ಓಡಿದ್ದು, ಇಂಥ ಕೇಸುಗಳಲ್ಲಿ ಸರ್ಕಾರದ ಪರವಾಗಿ ವಕೀಲರು ಎದ್ದು ನಿಂತು ವಾದಿಸುತ್ತಾರೆ. ಎಲ್ಲರ ಕಣ್ಣಿಗೂ ಕಾಣುವುದು ಆ ಕರಿ ಕೋಟು. ಆದರೆ ಫೈಲು ಜೋಡಿಸುವುದು, ಯಾರು ಏನು ನೋಡಿದರು ಅಂತ ಪಟ್ಟಿ ಮಾಡುವುದು, ಯಾವ ತಾರೀಕಿಗೆ ಯಾವ ಸಾಕ್ಷಿ ಬರಬೇಕು ಅಂತ ನೆನಪಿಡುವುದು, ಬಂದವರು ಬೇಜಾರಾಗಿ ಎದ್ದು ಹೋಗದಂತೆ ಬೆಂಚಿನ ಮೇಲೆ ಹಿಡಿದು ಕೂರಿಸುವುದು, ಇದೆಲ್ಲ ಮಾವನ ಪಾಲಿಗೆ. ವಕೀಲರು ವರ್ಗವಾಗಿ ಬರುತ್ತಾರೆ, ಹೋಗುತ್ತಾರೆ. ಮಾವ ಮಾತ್ರ ಅದೇ ಕುರ್ಚಿ, ಅದೇ ಕಿಟಕಿ. ಹೊಸದಾಗಿ ಬಂದ ವಕೀಲರ ಕಿವಿಯಲ್ಲಿ ಅವರು ಪಿಸುಗುಡುತ್ತಿದ್ದರಂತೆ: "ಸಾರ್, ಮೂರನೇ ಸಾಕ್ಷಿಗೆ ಎಡಗಿವಿ ಕೇಳ್ಸಲ್ಲ, ಬಲಗಡೆ ನಿಂತ್ಕೊಳ್ಳಿ. ಐದನೇಯವ್ರಿಗೆ ಜೋರಾಗಿ ಕೇಳಿದ್ರೆ ಅಳು ಬರುತ್ತೆ. ಏಳನೇಯವ್ರನ್ನ ಏನೂ ಕೇಳ್ಬೇಡಿ, ಅವ್ರೇ ಎಲ್ಲಾ ಹೇಳ್ಬಿಡ್ತಾರೆ!"

ಮಾವನ ಜೀವನದ ದೊಡ್ಡ ಚಿಂತೆ ಕಳ್ಳರಲ್ಲ, ಸಾಕ್ಷಿಗಳು. "ಕಳ್ಳ ಹೆಂಗಾದ್ರೂ ಸಿಗ್ತಾನೆ ಕಣೇ. ಸಾಕ್ಷಿ ಸಿಗೋದೇ ಕಷ್ಟ" ಎನ್ನುತ್ತಿದ್ದರು. ಪೊಲೀಸರು ಸಮನ್ಸ್ ಕೊಟ್ಟು ಬರುತ್ತಾರೆ, ಸಾಕ್ಷಿ ಅದನ್ನು ಮಡಚಿ ಕಿಟಕಿಯ ಸಂದಿಗೆ ತುರುಕಿ ಮದುವೆಗೋ ತಿಥಿಗೋ ಹೊರಟುಬಿಡುತ್ತಾರೆ. ಇದಕ್ಕೆ ಮಾವ ತಮ್ಮದೇ ಒಂದು ಔಷಧಿ ಕಂಡುಹಿಡಿದಿದ್ದರು. ಬೆಳಿಗ್ಗೆ ಬೇಗ ಎದ್ದು ಸಾಕ್ಷಿಯ ಮನೆ ಬಾಗಿಲಲ್ಲಿ ಹೋಗಿ ಕೂರುವುದು. ಅಷ್ಟೇ! ಬಯ್ಯುವುದಿಲ್ಲ, ಹೆದರಿಸುವುದಿಲ್ಲ. ಕೋರ್ಟಿನಲ್ಲಿ ಏನು ಹೇಳಬೇಕು ಅಂತ ಒಂದಕ್ಷರ ಹೇಳಿಕೊಡುವುದಿಲ್ಲ, ಹಾಗೆ ಹೇಳಿಕೊಟ್ಟರೆ ಅದು ಅವರ ಪ್ರಕಾರ ಮಹಾಪಾಪ. ಸುಮ್ಮನೆ ಊರ ವಿಷಯ, ಸೊಪ್ಪಿನ ವಿಷಯ ಮಾತಾಡುತ್ತ ಕೂರುವುದು.

ಶಿವಾಜಿನಗರದಲ್ಲಿ ಹೂ ಮಾರುವ ಒಬ್ಬ ಅಮ್ಮ ಸರಗಳ್ಳನೊಬ್ಬನನ್ನು ಕಣ್ಣಾರೆ ನೋಡಿದ್ದರು. ಮೂರು ಸಲ ಕರೆದರೂ ಕೋರ್ಟಿಗೆ ಬಂದಿರಲಿಲ್ಲ. ನಾಲ್ಕನೇ ಸಲ ಮಾವ ಹೋಗಿ ಅವರ ಹೂವಿನ ಬುಟ್ಟಿಯ ಪಕ್ಕದಲ್ಲೇ ಕೂತರು. ಸುಮ್ಮನೆ ಕೂರಲು ಬೇಜಾರಾಯಿತು ನೋಡಿ, ತಾವೂ ಒಂದು ಎಳೆ ದಾರ ತೆಗೆದುಕೊಂಡು ಮಲ್ಲಿಗೆ ಕಟ್ಟತೊಡಗಿದರು! ಅವರು ಕಟ್ಟಿದ ಹೂವು ಮೊಳಕ್ಕೆ ಎಂಟು ನಿಲ್ಲುತ್ತಿತ್ತು, ಉಳಿದವು ಫುಟ್‌ಪಾತಿನ ಮೇಲೆ ಉದುರುತ್ತಿದ್ದವು. ಹತ್ತು ಗಂಟೆಯವರೆಗೆ ತಡೆದುಕೊಂಡ ಆಯಮ್ಮ ಕೊನೆಗೆ ಎದ್ದು ಸೆರಗು ಸಿಕ್ಕಿಸಿಕೊಂಡರು.

"ಅಯ್ಯೋ ಸಾಮಿ, ಕೈ ತೆಗಿ! ನೀನು ಇನ್ನೊಂದ್ ಗಂಟೆ ಕೂತ್ರೆ ನನ್ ಯಾಪಾರ ಮುಗೀತು. ನಡಿ, ಕಳ್ಳನ್ನೂ ತೋರಿಸ್ತೀನಿ, ಅವನ್ ತಾತನ್ನೂ ತೋರಿಸ್ತೀನಿ!"

ಆ ಕೇಸಿನಲ್ಲಿ ಶಿಕ್ಷೆಯಾಯಿತು. "ನನ್ನ ಹೂವಿನಿಂದಲೇ ಆಗಿದ್ದು" ಎಂದು ಮಾವ ಬೀಗಿದರು. "ನಿಮ್ಮ ಹೂವು ನೋಡಿ ಕಳ್ಳನೇ ಒಪ್ಕೊಂಡಿರ್ತಾನೆ, ಬಿಡಿ" ಎಂದರು ಅತ್ತೆ.

ಈ ಕಚೇರಿ ಬುದ್ಧಿ ಕಚೇರಿಯಲ್ಲೇ ಉಳಿದಿದ್ದರೆ ಯಾರ ತಕರಾರೂ ಇರಲಿಲ್ಲ. ಅದು ದಿನಾ ಸಂಜೆ ಬಸ್ಸು ಹತ್ತಿ ಮನೆಗೂ ಬರುತ್ತಿತ್ತಲ್ಲ! ಆಗ ನಾನು ಕುಕ್ ಟೌನಿನ ಒಂದು ಶಿಶುವಿಹಾರದಲ್ಲಿ ಟೀಚರು. ಕೆ.ಆರ್. ಪುರದ ನಮ್ಮ ಮನೆಯಿಂದ ದಿನಾ ಓಡಾಡುವುದು ಕಷ್ಟವೆಂದು ಹಲಸೂರಿನಲ್ಲಿ ಮಾವನ ಮನೆಯಲ್ಲಿದ್ದೆ. ಒಂದು ಗೋಕುಲಾಷ್ಟಮಿಗೆ ಅತ್ತೆ ಮಾಡಿಟ್ಟ ಚಕ್ಕುಲಿಯಲ್ಲಿ ಅರ್ಧ ಡಬ್ಬಿ ಪೂಜೆಗೆ ಮೊದಲೇ ಮಾಯವಾಯಿತು. ಬೇರೆ ಮನೆಯಲ್ಲಾದರೆ ಯಾರೋ ತಿಂದರು ಅಂತ ಬಿಡುತ್ತಾರೆ. ನಮ್ಮ ಮಾವ ಬಿಡುತ್ತಾರೆಯೇ? "ಯಾರೂ ಡಬ್ಬಿ ಮುಟ್ಬೇಡಿ! ಮಹಜರಾಗ್ಬೇಕು!" ಎಂದು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು. ಕಳ್ಳತನವಾದ ಜಾಗವನ್ನು ನಾಲ್ಕು ಜನರ ಎದುರಿಗೆ ನೋಡಿ, ಇದ್ದದ್ದನ್ನು ಇದ್ದ ಹಾಗೆ ಬರೆದು, ಪಂಚರಿಂದ ಸಹಿ ಹಾಕಿಸಿಕೊಳ್ಳುವುದಕ್ಕೆ ಮಹಜರು ಎನ್ನುತ್ತಾರೆ. ಪಂಚರಾಗಿ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರನ್ನೂ ಬೀದಿ ಕೊನೆಯ ಟೈಲರ್ ಭಾಯಿಯನ್ನೂ ಕರೆದು ತಂದರು.

"ಪೂರ್ವಕ್ಕೆ ಗ್ಯಾಸ್ ಒಲೆ, ಪಶ್ಚಿಮಕ್ಕೆ ಸಿಂಕು, ಉತ್ತರಕ್ಕೆ ನನ್ನ ಹೆಂಡತಿ" ಎಂದು ಮಾವ ಬರೆದರು.

"ನಾನು ಉತ್ತರಕ್ಕೆ ಯಾಕೆ ಬಂದೆ?" ಅತ್ತೆ ಕೇಳಿದರು.

"ನೀನು ಅಲ್ಲಾಡ್ಬೇಡ ಕಣೇ, ಚಕ್ಕುಬಂದಿ ತಪ್ಪುತ್ತೆ!"

ಪಂಚರು ಡಬ್ಬಿಯನ್ನು ಪರಿಶೀಲಿಸಿದರು. ಚಕ್ಕುಲಿ ನಿಜವಾಗಿಯೂ ಚಕ್ಕುಲಿಯೇ ಹೌದೋ ಅಂತ ಖಾತ್ರಿಪಡಿಸಿಕೊಳ್ಳಲು ಪೋಸ್ಟ್‌ಮಾಸ್ಟರು ಒಂದು ಮುರಿದರು. ಭಾಯ್ ಇನ್ನೊಂದು ಮುರಿದು, "ಅಚ್ಛಾ ಹೈ ಸಾಬ್, ಎಳ್ಳು ಜಾಸ್ತಿ ಹಾಕಿದ್ದಾರೆ, ಅದೂ ಬರ್ಕೊಳ್ಳಿ" ಎಂದರು. ಬರೆದದ್ದನ್ನು ಮಾವ ಗಟ್ಟಿಯಾಗಿ ಓದಿ, ಕೊನೆಯಲ್ಲಿ "ಓದಿ ಹೇಳಿದ್ದನ್ನು ಕೇಳಿದೆ, ಸರಿ ಇದೆ" ಎಂದು ಸೇರಿಸಿ ಸಹಿ ತೆಗೆದುಕೊಳ್ಳುವಷ್ಟರಲ್ಲಿ ಡಬ್ಬಿ ಖಾಲಿ! ಆ ವರ್ಷ ಕೃಷ್ಣನಿಗೆ ಬರೀ ಅವಲಕ್ಕಿ. ಅರ್ಧ ಡಬ್ಬಿ ತಿಂದವಳು ನಾನೇ ಅಂತ ಇವತ್ತು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ, ಮಾವ ಓದದಿದ್ದರೆ ಸಾಕು.

ಈಗ ನನ್ನ ಮದುವೆಯ ವಿಷಯ. ಶಿವಾಜಿನಗರದ ಬಸ್ಸಿನಲ್ಲಿ ಪರಿಚಯವಾದ ಗದಗಿನ ಕಡೆಯ ಒಬ್ಬರು, ಇಂದಿರಾನಗರದ ಒಂದು ಆಫೀಸಿನಲ್ಲಿ ಕಟ್ಟಡದ ನಕ್ಷೆ ಬರೆಯುವವರು, ನನ್ನ ಮನಸ್ಸಿಗೆ ಬಂದುಬಿಟ್ಟರು. ನಮ್ಮ ಜಾತಿಯಲ್ಲ, ನಮ್ಮ ಕಡೆಯವರೂ ಅಲ್ಲ. ಅಪ್ಪನಿಗೆ ಹೇಳುವ ಧೈರ್ಯವಿಲ್ಲದೆ ಮೊದಲು ಮಾವನಿಗೆ ಹೇಳಿದೆ. ಮುಂದಿನ ಭಾನುವಾರವೇ ಆ ಬಡಪಾಯಿಯ ಪಾಟೀ ಸವಾಲು ಶುರು!

"ನಮ್ಮ ಹುಡುಗೀನ ಮೊದಲು ಎಲ್ಲಿ ನೋಡಿದ್ರಿ?"

"ಬಸ್ಸಿನ್ಯಾಗ್ರೀ."

"ಬೆಳಕಿತ್ತಾ?"

"ಮಧ್ಯಾಹ್ನ ಹನ್ನೆರಡು ಗಂಟೆ ಆಗಿತ್ರೀ."

"ನಿಮಗೂ ಅವಳಿಗೂ ಎಷ್ಟು ದೂರ?"

"ಒಬ್ಬಾಕಿ ಮುದುಕಿ, ಒಂದು ಕೋಳಿ ಬುಟ್ಟಿ, ಅಷ್ಟು ದೂರ ಇತ್ರೀ."

"ಅವಳು ಉಟ್ಟಿದ್ದ ಸೀರೆ ಯಾವ ಬಣ್ಣ?"

ಅವರು ತಲೆ ಕೆರೆದುಕೊಂಡರು. "ಅದ ಗೊತ್ತಿಲ್ರೀ. ನಾ ಮಾರೀನ ನೋಡ್ಕೋತ ನಿಂತಿದ್ದೆ." ಮಾರಿ ಅಂದರೆ ಅವರ ಕಡೆ ಮುಖ.

ಮಾವ ಪೆನ್ನು ಕೆಳಗಿಟ್ಟರು. ಆಮೇಲೆ ನನ್ನನ್ನು ಒಳಗೆ ಕರೆದು, "ಈ ಹುಡುಗ ನಿಜ ಹೇಳ್ತಾನೆ ಪುಟ್ಟಿ. ಸುಳ್ಳು ಹೇಳೋನಿಗೆ ಸೀರೆ ಬಣ್ಣ, ಅಂಚು, ರವಿಕೆ, ಎಲ್ಲಾ ನೆನಪಿರುತ್ತೆ" ಎಂದರು. ನಲವತ್ತು ಸಾವಿರ ಹುಡುಗರಲ್ಲಿ ಸೀರೆ ಬಣ್ಣ ಮರೆತು ಪಾಸಾದವರು ಇವರೊಬ್ಬರೇ ಇರಬೇಕು!

ಅಪ್ಪ ಮಾತ್ರ ಪಾಸು ಮಾಡಲಿಲ್ಲ. ಒಂದು ಕಾಲಕ್ಕೆ ರಾಗಿ ಬೆಳೆದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡಿದ್ದ ಅಪ್ಪನಿಗೆ ಊರಲ್ಲಿ ಒಂದು ಮರ್ಯಾದೆ ಇತ್ತು. "ಅವಳು ಅವನನ್ನ ಮಾಡ್ಕೊಂಡ್ರೆ ನಾನು ಆ ಕಡೆ ತಲೆ ಹಾಕಿ ಮಲಗಲ್ಲ. ನೀನೂ ನನ್ನ ಮನೆ ಬಾಗಿಲಿಗೆ ಬರ್ಬೇಡ" ಎಂದು ಮಾವನಿಗೂ ಹೇಳಿಬಿಟ್ಟರು. ನಾನು ಅವರ ಒಬ್ಬಳೇ ಮಗಳು. ಅಪ್ಪನಿಲ್ಲದೆ ಮದುವೆಯಾಗುವುದೂ ಬೇಡ, ಇವರನ್ನು ಬಿಡುವುದೂ ಬೇಡ, ಹೀಗೆ ಅಳುತ್ತ ಆರು ತಿಂಗಳು ಕಳೆದೆ. ಕೊನೆಗೆ ರಿಜಿಸ್ಟರ್ ಮದುವೆಗೆ ಒಂದು ತಿಂಗಳ ನೋಟಿಸು ಕೊಟ್ಟೆವು.

ಆ ನೋಟಿಸಿನ ಒಂದು ಪ್ರತಿಯನ್ನು ಅಪ್ಪನಿಗೆ ಮುಟ್ಟಿಸಲೇಬೇಕೆಂದು ಮಾವನಿಗೆ ಹಟ. ಬೇಡವೆಂದರೂ ಕೆ.ಆರ್. ಪುರಕ್ಕೆ ಹೋದರು. ಅಪ್ಪ ಕದ ತೆಗೆಯಲಿಲ್ಲ. ತೆಗೆದುಕೊಳ್ಳದವರ ಮನೆಗೆ ಅಂಟಿಸಿ ಬರುವುದು ಕೋರ್ಟಿನ ಪದ್ಧತಿ ತಾನೆ? ಮಾವ ಅನ್ನದ ಅಗುಳು ಹಚ್ಚಿ ಕೊಟ್ಟಿಗೆಯ ಕಂಬಕ್ಕೆ ಅಂಟಿಸಿದರು. ತಿರುಗಿ ನೋಡುವಷ್ಟರಲ್ಲಿ ಅಪ್ಪನ ಸೀಮೆ ಹಸು ಅದನ್ನು ನೆಕ್ಕಿ, ಎಳೆದು, ಅಗಿದು ನುಂಗಿತ್ತು!

"ಜಾರಿಯಾಯ್ತಾ?" ಅತ್ತೆ ಕೇಳಿದರು.

"ಹಸುವಿಗೆ ಆಯ್ತು" ಎಂದರು ಮಾವ.

ಮದುವೆಯ ದಿನ ಬಂತು. ಕಾನೂನಿನ ಪ್ರಕಾರ ಮೂವರು ಸಾಕ್ಷಿಗಳು ಬೇಕು. ಅತ್ತೆ, ಇವರ ಒಬ್ಬ ಗೆಳೆಯ, ಮಾವ. ಹತ್ತೂವರೆಗೆ ನಾವೆಲ್ಲ ಕಚೇರಿಯಲ್ಲಿದ್ದೆವು, ಮಾವ ಮಾತ್ರ ಇಲ್ಲ! "ಬೆಳಿಗ್ಗೆ ಐದೂವರೆಗೇ ಇಸ್ತ್ರಿ ಶರ್ಟು ಹಾಕ್ಕೊಂಡು ಹೋದ್ರು. ಎಲ್ಲಿಗೆ ಅಂದ್ರೆ ಬಾಯಿ ಬಿಡ್ಲಿಲ್ಲ" ಎಂದರು ಅತ್ತೆ. ಹನ್ನೊಂದಾಯಿತು, ಹನ್ನೆರಡಾಯಿತು. ಜೀವನವಿಡೀ ಊರವರನ್ನೆಲ್ಲ ಸಾಕ್ಷಿಗೆ ಎಳೆದು ತಂದ ಮನುಷ್ಯ ನನ್ನ ಸಾಕ್ಷಿಗೇ ಬರಲಿಲ್ಲವಲ್ಲ ಎಂದು ನನಗೆ ಕೋಪ ಉಕ್ಕಿತು. "ಇನ್ನೊಬ್ರು ಎಲ್ರೀ? ನಾವು ಊಟಕ್ಕೆ ಏಳ್ತೀವಿ" ಎಂದು ಅಲ್ಲಿನ ಗುಮಾಸ್ತರು ಎರಡು ಸಲ ಗಡಿಯಾರ ನೋಡಿದರು.

ಒಂದಕ್ಕೆ ಹತ್ತು ನಿಮಿಷವಿರುವಾಗ ಗೇಟಿನ ಹತ್ತಿರ ಒಂದು ಆಟೋ ನಿಂತಿತು. ಅದರಿಂದ ಮೊದಲು ಅಮ್ಮ ಇಳಿದರು. ಆಮೇಲೆ ಮಾವ. ಆಮೇಲೆ, ಬಿಳಿ ಪಂಚೆ ಉಟ್ಟು, ಯಾರ ಮುಖವನ್ನೂ ನೋಡದೆ, ಅಪ್ಪ.

"ಮೂರನೇ ಸಾಕ್ಷಿ ಯಾರು?" ಗುಮಾಸ್ತರು ಕೇಳಿದರು.

"ನಾನು" ಎಂದರು ಅಪ್ಪ. "ಹುಡುಗಿ ಅಪ್ಪ."

ಅಪ್ಪ ಸಹಿ ಹಾಕುತ್ತಿರುವಾಗ ಅಮ್ಮ ನನ್ನ ಕಿವಿಯಲ್ಲಿ ಹೇಳಿದರು: "ಆರು ಗಂಟೆಗೆ ಬಂದು ಜಗಲಿ ಮೇಲೆ ಕೂತ ಕಣೇ ನಿಮ್ಮ ಮಾವ. ಒಂದು ಮಾತಾಡ್ಲಿಲ್ಲ. ನಿಮ್ಮಪ್ಪ ಬೈದ್ರು, ಕೂಗಾಡಿದ್ರು, ಎದ್ದು ಹೋಗು ಅಂದ್ರು. ಅವನು ತಲೆ ತಗ್ಗಿಸ್ಕೊಂಡು ಕೂತೇ ಇದ್ದ. ಕಾಫಿ ಕೊಟ್ರೆ ಅದೂ ಮುಟ್ಲಿಲ್ಲ. ಹನ್ನೊಂದೂವರೆಗೆ ನಿಮ್ಮಪ್ಪ ಹೊರಗೆ ಬಂದು ನೋಡ್ತಾರೆ, ಇವನ ಕಣ್ಣಲ್ಲಿ ನೀರು. 'ಒಳಗೆ ಹೋಗಿ ನನ್ನ ಪಂಚೆ ತಾ' ಅಂದ್ರು ನಂಗೆ."

ಮಳೆ ಬಂತೋ ಇಲ್ಲವೋ ಎಂದು ಅರ್ಧ ಗಂಟೆ ವಾದಿಸುವ ನನ್ನ ಮಾವ ಐದೂವರೆ ಗಂಟೆ ಹೊತ್ತು ಬಾಯಿ ಮುಚ್ಚಿ ಕೂತಿದ್ದರು! ಅವರನ್ನು ಬೈದುಕೊಂಡದ್ದಕ್ಕೆ ನನಗೆ ನಾಚಿಕೆಯಾಯಿತು. ಹುಡುಕಿದರೆ ಕಚೇರಿಯ ವರಾಂಡದ ಕೊನೆಯ ಬೆಂಚಿನಲ್ಲಿ ಕೂತು, ಅತ್ತೆ ತಂದಿದ್ದ ಇಡ್ಲಿ ಡಬ್ಬಿ ತೆರೆದು ಗಬಗಬನೆ ತಿನ್ನುತ್ತಿದ್ದರು. ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲವಲ್ಲ.

"ಮಾವ, ನೀವೂ ಬಂದು ಸಹಿ ಹಾಕಿ. ನಿಮ್ಮ ಹೆಸರಿಲ್ಲದೆ ನನ್ನ ಮದುವೆ ಕಾಗದವಾ?"

"ಮೂರು ಆಯ್ತಲ್ಲ ಪುಟ್ಟಿ, ಸಾಕು" ಎಂದರು ಮಾವ, ಬಾಯಿ ತುಂಬ ಇಡ್ಲಿ ಇಟ್ಟುಕೊಂಡು. "ನಾನು ಕರ್ಕೊಂಡು ಬರೋನು ಅಷ್ಟೇ."

ನಾನು ಅವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ರೇಷ್ಮೆ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.